ಅಂಗಳದ ಬದಿಯಲ್ಲಿ ನನ್ನ ಜಾಗದಲ್ಲಿ ನಿಂತವರಿಗೆ

ಮೊನ್ನೆ ಮಗಳ ಶಾಲೆಯ ಹುಡುಗಿಯರ ಕಬಡ್ಡಿ ತಂಡ ಕಾಸರಗೋಡು ಕಂದಾಯ ಜಿಲ್ಲಾ ಮಟ್ಟದಲ್ಲಿ ದ್ವಿತೀಯ ಸ್ಥಾನ ಪಡೆಯಿತು. ಫೈನಲಿನಲ್ಲಿ 2 ಅಂಕಕ್ಕೆ ಸೋಲು. ನಾನು ನೋಡಿದ್ದು ಶಾರ್ಜಾದ ರೂಮಿನಲ್ಲಿ ಕೂತು, ಫೋನಿನಲ್ಲಿ. ಅವಳು ಎಂಟನೇ ಕ್ಲಾಸಿಗೆ ಸೇರಿ ಮೂರು ವರ್ಷವಾಯಿತು, ಒಂದು ಪಂದ್ಯಕ್ಕೂ ನನಗೆ ಹತ್ತಿರ ನಿಲ್ಲಲು ಆಗಲಿಲ್ಲ. ಆದರೂ ಅವಳು ಒಂದು ದಿನವೂ ಒಂಟಿಯಾಗಿ ಆಡಲು ಹೋದವಳಲ್ಲ. ಅದಕ್ಕೆ ಕಾರಣರಾದ ಬಾಯಾರು ಕಡೆಯ ಹೆತ್ತವರಿಗೆ ಈ ನಾಲ್ಕು ಮಾತು.

ಮೊದಲು ಮಾವನಿಗೆ. ಮಗಳು ತಂಡಕ್ಕೆ ಆಯ್ಕೆಯಾದಾಗ "ಕೈಕಾಲು ಮುರಿದುಕೊಂಡರೆ ಯಾರು ನೋಡುವುದು, ಬೇಡ" ಎಂದು ಫೋನಿನಲ್ಲಿ ಅಡ್ಡಿ ಹೇಳಿದವನು ನಾನು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅವರು. "ನೀವು ಅಲ್ಲಿ ಕೂತು ಹೆದರಬೇಡಿ, ಇಲ್ಲಿ ನಾನಿದ್ದೇನಲ್ಲ" ಅಂದರು. ಅಡಿಕೆ ಸುಲಿಯುವ ದಿನಗಳಲ್ಲೂ ಸಂಜೆ ನಾಲ್ಕಕ್ಕೆ ಕೈ ತೊಳೆದು ಶಾಲೆಯ ಬಯಲಿಗೆ ಹೊರಡುತ್ತಿದ್ದರು.

ನಾನು ಹೆದರಿದ್ದು ಒಂಬತ್ತನೇ ಕ್ಲಾಸಿನಲ್ಲಿ ನಡೆದೇ ಹೋಯಿತು. ಉಪಜಿಲ್ಲಾ ಪಂದ್ಯದಲ್ಲಿ ರೈಡಿಗೆ ಹೋದವಳು ಗೆರೆ ಮುಟ್ಟುವ ಅವಸರದಲ್ಲಿ ಮೊಣಕೈ ಊರಿ ಬಿದ್ದಳು. ಹೆಂಡತಿಗೆ ಸುದ್ದಿ ಮುಟ್ಟುವ ಮೊದಲೇ ಇನ್ನೊಂದು ಹುಡುಗಿಯ ಅಮ್ಮ ತನ್ನ ಶಾಲನ್ನು ಅವಳ ಕುತ್ತಿಗೆಗೆ ಕಟ್ಟಿ, ಅದರೊಳಗೆ ಕೈ ಇಟ್ಟು, ಓಮ್ನಿಯಲ್ಲಿ ಹೊರಟಾಗಿತ್ತು. ತಲಪಾಡಿ ದಾಟಿ ಮಂಗಳೂರು ಮುಟ್ಟುವವರೆಗೆ, ಹೊಂಡ ಬಂದಾಗಲೆಲ್ಲ ಆ ಮೊಣಕೈಯನ್ನು ಎರಡು ಅಂಗೈಯಲ್ಲಿ ಎತ್ತಿ ಹಿಡಿಯುತ್ತಿದ್ದರಂತೆ. ಬೀಡಿ ಕಟ್ಟಿ ಮನೆ ನಡೆಸುವವರು, ಆ ದಿನದ ದುಡಿಮೆ ಪೂರ್ತಿ ಹೋಯಿತು. ರಾತ್ರಿ ನಾನು ಫೋನು ಮಾಡಿ ಅತ್ತಾಗ "ಅವಳು ನನ್ನ ಮಗಳೂ ಅಲ್ವಾ ಅಣ್ಣಾ" ಎಂದರು. ಅಕ್ಕಾ, ಆ ಮಾತಿಗೆ ಆ ದಿನ ನನ್ನಿಂದ ಉತ್ತರ ಬರಲಿಲ್ಲ. ಇವತ್ತು ಎಲ್ಲರ ಎದುರು ಕೈ ಮುಗಿಯುತ್ತೇನೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳಿಗೆ ಅಂಗಳಕ್ಕೆ ಇಳಿಯಲು ಧೈರ್ಯವಿರಲಿಲ್ಲ. ಆಗ ರಿಕ್ಷಾದ ಅಣ್ಣ, ತನ್ನ ಮಗಳ ಜೊತೆ ಇವಳನ್ನೂ ಬೆಳಿಗ್ಗೆ ಆರೂವರೆಯ ಅಭ್ಯಾಸಕ್ಕೆ ಕರೆದುಕೊಂಡು ಹೋಗತೊಡಗಿದರು. ಆಡು ಅಂತ ಒಮ್ಮೆಯೂ ಹೇಳಲಿಲ್ಲವಂತೆ. ಸುಮ್ಮನೆ ಕೂತು ನೋಡು ಮಗಾ, ಅಷ್ಟೇ. ಎರಡು ವಾರ ನೋಡಿದಳು, ಮತ್ತೆ ತಾನಾಗಿಯೇ ಇಳಿದಳು. ಊರಿನಲ್ಲಿ ಆರೂವರೆ ಅಂದರೆ ನನಗಿಲ್ಲಿ ಐದು ಗಂಟೆ. ಡ್ಯೂಟಿಗೆ ಹೊರಡುವ ಹೊತ್ತಿಗೆ ಅವರು ಕಳಿಸಿದ ವಿಡಿಯೋ ಬಂದಿರುತ್ತಿತ್ತು.

ಟೀಚರಿಗೂ ಋಣಿ. ಮಕ್ಕಳಿಗೆ ಆಟ ಕಲಿಸಿದಂತೆ ನಮ್ಮವರಿಗೆ ಆಟ ನೋಡುವುದನ್ನೂ ಕಲಿಸಿದರು. ಮೊದಲೆಲ್ಲ ಹೆತ್ತವರು "ಹಿಡಿ, ಹಿಡಿ" ಎಂದು ಬೊಬ್ಬೆ ಹೊಡೆಯುತ್ತಿದ್ದರು. ರೈಡರ್ "ಕಬಡ್ಡಿ, ಕಬಡ್ಡಿ" ಎನ್ನುವುದು ಅಂಪೈರಿಗೆ ಸ್ಪಷ್ಟವಾಗಿ ಕೇಳಬೇಕು, ಹಿಡಿಯುವ ಮಕ್ಕಳಿಗೆ ತಮ್ಮತಮ್ಮೊಳಗಿನ ಸನ್ನೆಮಾತೂ ಕೇಳಬೇಕು ಎಂದು ಟೀಚರ್ ಪಿಟಿಎ ಸಭೆಯಲ್ಲಿ ಬಿಡಿಸಿ ಹೇಳಿದರಂತೆ. ಫೈನಲಿನ ವಿಡಿಯೋದಲ್ಲಿ ಅದು ನನಗೇ ಗೊತ್ತಾಯಿತು. ಮಗಳು ಗೆರೆ ದಾಟಿದ ಕೂಡಲೇ ನಮ್ಮ ಕಡೆಯ ಗಲಾಟೆಯೆಲ್ಲ ನಿಂತಿತು. ರೈಡಿನ ಆ 30 ಸೆಕೆಂಡು ಅವಳ ದನಿ ಒಂದೇ. ಶಾರ್ಜಾದವರೆಗೂ ಕೇಳಿತು.

ಸೋತ ಮಕ್ಕಳನ್ನು ಯಾರೂ ಬೈಯಲಿಲ್ಲ, ನೀರುಳ್ಳಿ ಬಜೆ ತಿನ್ನಿಸಿಯೇ ಮನೆಗೆ ಕರೆತಂದಿರಿ. ಅದಕ್ಕೆ ಬೇರೆಯೇ ಥ್ಯಾಂಕ್ಸ್.

ಮಾರ್ಚಿನಲ್ಲಿ ರಜೆಗೆ ಬರುತ್ತೇನೆ. ತಂಡದ 12 ಮಕ್ಕಳಿಗೂ ನೀಕ್ಯಾಪ್ ತರುತ್ತೇನೆ, ದಯವಿಟ್ಟು ಎಲ್ಲ ಅಮ್ಮಂದಿರು ಅಳತೆಯನ್ನು ನನ್ನ ಹೆಂಡತಿಗೆ ಹೇಳಿಡಿ.