ದೊಡ್ಡವರಿಗೂ ಆಟಿಸಂ ಇರುತ್ತದೆ: ತುಮಕೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ತಿಪಟೂರಿನವಳು. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ಆಟಿಸಂ ಇದೆ, ಅಂದರೆ ಜನರ ಜೊತೆ ಬೆರೆಯುವುದು, ಸದ್ದು-ಗದ್ದಲ ತಡೆದುಕೊಳ್ಳುವುದು ಹುಟ್ಟಿನಿಂದಲೇ ಬೇರೆ ಥರ. ಜೊತೆಗೆ ಎಡಿಎಚ್‌ಡಿಯೂ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ, ಮರೆವಿನ ತೊಂದರೆ. ಇದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ, ಬೆಂಗಳೂರಿನಲ್ಲಿ, ಕೈಯಿಂದ ದುಡ್ಡು ಹಾಕಿ. ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ಒಂದು ದಿನವಾದರೂ ದೊಡ್ಡವರ ಆಟಿಸಂ, ಎಡಿಎಚ್‌ಡಿ ತಪಾಸಣೆ ನಮ್ಮ ಜಿಲ್ಲೆಯಲ್ಲೇ ಆಗಬೇಕು. ಅದು ಗೊತ್ತಿರುವವರೇ ಅಲ್ಲಿ ಕೂರಬೇಕು.

ಕಾಯ್ದೆ ತಮಗೆ ಗೊತ್ತೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವಯಸ್ಸಾದರೆ ಅದು ಹೋಗುತ್ತದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಸರ್ಕಾರಿ ಕೆಲಸದ ಶೇ. 4 ಮೀಸಲಾತಿಯಲ್ಲಿ ಆಟಿಸಂ ಇರುವವರೂ ಸೇರಿದ್ದಾರೆ. ಕೆಲಸಕ್ಕೆ ಅರ್ಜಿ ಹಾಕುವವರು ದೊಡ್ಡವರೇ ಅಲ್ವಾ? ಎಡಿಎಚ್‌ಡಿ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಸೇರಿಸುವುದು ದೆಹಲಿಯವರ ಕೆಲಸ, ತಮ್ಮನ್ನು ಕೇಳುವುದಿಲ್ಲ. ತಪಾಸಣೆ ಮಾತ್ರ ಕೇಳುತ್ತಿದ್ದೇನೆ.

ಚಿಕ್ಕಂದಿನಿಂದ ನನ್ನನ್ನು ಸಿಡುಕಿ, ಜಂಬದವಳು, ಮರೆಗುಳಿ ಅಂತಲೇ ಕರೆದರು. ಮದುವೆಮನೆಯಲ್ಲಿ ವಾಲಗ ಶುರುವಾದರೆ ನಾನು ಛತ್ರದ ಹಿಂದಕ್ಕೆ ಓಡುತ್ತಿದ್ದೆ. ಅಮ್ಮ ಬೈದು ಎಳೆದುಕೊಂಡು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಎರಡು ದಿನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟರೆ ಮರೆಯುತ್ತೇನೆ. ಕರೆಂಟ್ ಬಿಲ್ಲು, ದುಡ್ಡು ಎರಡೂ ಕೈಯಲ್ಲಿದ್ದರೂ ಕಟ್ಟದೆ ಉಳಿಯುತ್ತದೆ. ಅದೇ ಮಂಡಿಯ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಅದು ಸಿಗುವ ತನಕ ಊಟ ಸೇರುವುದಿಲ್ಲ. ಇದಕ್ಕೆಲ್ಲ ಕಾರಣ ಇದೆ, ಇದು ಸೋಮಾರಿತನವೂ ಅಲ್ಲ ಕೊಬ್ಬೂ ಅಲ್ಲ ಅಂತ ಗೊತ್ತಾದ ದಿನ ನಾನು ಬಸ್ಸಿನಲ್ಲಿ ಕೂತು ಅತ್ತೆ. ನನ್ನ ಮೇಲೆ ನನಗೇ ಇದ್ದ ಸಿಟ್ಟು ಅಲ್ಲಿಂದ ಇಳಿಯಿತು.

ಆಟಿಸಂ, ಎಡಿಎಚ್‌ಡಿ ಎರಡೂ ಒಬ್ಬರಿಗೇ ಇರಬಹುದು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದೇ 2013ರಲ್ಲಿ. ಹಾಗಾಗಿ ನಮ್ಮ ಮೇಷ್ಟ್ರುಗಳನ್ನು ದೂರುವುದಿಲ್ಲ. ಈಗಲೂ ಗೊತ್ತಿಲ್ಲ ಅಂದರೆ ಹೇಗೆ?

ಗೊತ್ತಾದರೆ ಏನು ಲಾಭ ಅಂತ ಕೇಳುವವರಿಗೆ ನಮ್ಮ ಮಂಡಿಯ ಮಾತು ಹೇಳುತ್ತೇನೆ. ನನ್ನ ಮೇಜು ಬಾಗಿಲ ಹತ್ತಿರ ಇತ್ತು. ಹೊರಗೆ ಚೀಲ ಬಿಚ್ಚಿ ಉಂಡೆ ಕೊಬ್ಬರಿ ಸುರಿದರೆ ಆ ಸದ್ದು ನನ್ನ ಹಲ್ಲಿನೊಳಗೆ ಹೊಕ್ಕ ಹಾಗಾಗುತ್ತಿತ್ತು. ಟೆಂಡರ್ ದಿನವಂತೂ ಬರೆದ ಅಂಕಿ ಮತ್ತೆ ಮತ್ತೆ ಹೊಡೆದು ಹಾಕುತ್ತಿದ್ದೆ. ಬೆಂಗಳೂರಿನ ವರದಿ ಬಂದ ಮೇಲೆ ಧೈರ್ಯ ಮಾಡಿ ಸಾಹುಕಾರರಿಗೆ ಹೇಳಿದೆ. ಅವರಿಗೆ ಆಟಿಸಂ ಅಂದರೆ ಏನೂ ಗೊತ್ತಿಲ್ಲ. 'ಹಂಗಾದ್ರೆ ಒಳಕೋಣೇಲಿ ಕೂತ್ಕೋ ತಾಯಿ' ಅಂದರು, ಅಷ್ಟೇ. ಒಂದು ಪೈಸೆ ಖರ್ಚಾಗಲಿಲ್ಲ. ಈಗ ಲೆಕ್ಕ ಅವತ್ತವತ್ತೇ ಮುಗಿಯುತ್ತದೆ. ಓದು ಬಿಟ್ಟವರು, ಕೆಲಸ ಬಿಟ್ಟವರು, ತಮ್ಮನ್ನೇ ಹಳಿದುಕೊಂಡು ಮೂಲೆ ಸೇರಿದವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೋ. ಅವರಿಗೂ ಯಾರಾದರೂ ಹೇಳಬೇಡವೇ?

ಆಮೇಲೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಅದೇ ವರದಿ ಹಿಡಿದುಕೊಂಡು ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಚೀಟಿ ಮಾಡಿಸುವಲ್ಲಿ ಏನು ತೊಂದರೆ ಅಂದರು. ಆಟಿಸಂ ಅಂದೆ. 'ಮಗು ಎಲ್ಲಿ?' ಅಂದರು. ಮಗುವಿಗಲ್ಲ, ನನಗೇ ಅಂದೆ. ಅವರು ಪಕ್ಕದವರನ್ನು ಕೂಗಿ, 'ನೋಡ್ರೀ ಇಲ್ಲಿ, ಈಯಮ್ಮಂಗೇ ಆಟಿಸಂ ಅಂತೆ' ಅಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಳಗೆ ಡಾಕ್ಟರು ವರದಿಯ ಒಂದು ಹಾಳೆಯನ್ನೂ ಮಗುಚಲಿಲ್ಲ.

'ಮದುವೆ ಆಗಿದೆಯಾ?'

ಆಗಿದೆ ಸರ್.

'ಕೆಲಸ?'

ಮಂಡೀಲಿ ಲೆಕ್ಕ ಬರೀತೀನಿ ಸರ್.

'ಮತ್ತಿನ್ನೇನಮ್ಮಾ? ನನ್ನ ಮುಖ ನೋಡ್ಕೊಂಡೇ ಮಾತಾಡ್ತಿದೀಯ. ಮೊಬೈಲ್ ನೋಡೋದು ಕಮ್ಮಿ ಮಾಡು, ಸರಿ ಹೋಗುತ್ತೆ.'

ನಾನು ಅವರ ಮುಖ ನೋಡುತ್ತಿರಲಿಲ್ಲ. ಹಣೆಯ ಕುಂಕುಮ ನೋಡುತ್ತಿದ್ದೆ. ಹಾಗೆ ಮಾಡಿದರೆ ಕಣ್ಣು ನೋಡಿದ ಹಾಗೇ ಕಾಣುತ್ತದೆ ಎಂದು ಹೈಸ್ಕೂಲಿನಲ್ಲೇ ಕಲಿತಿದ್ದೆ, ಬೈಗುಳ ತಪ್ಪಿಸಿಕೊಳ್ಳಲು. ಹುಡುಗಿಯರು ಇಂಥದ್ದನ್ನು ಜಾಸ್ತಿ ಕಲಿಯುತ್ತಾರೆ. ಅದಕ್ಕೇ ನಮ್ಮಂಥವರು ಲೆಕ್ಕಕ್ಕೆ ಸಿಗುವುದು ತಡ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಆಟಿಸಂ ಅಳೆಯಲು 'ಇಸಾ' ಎಂಬ 40 ಅಂಶಗಳ ಪಟ್ಟಿ ಇದೆ. ಅದರ ಮೊದಲ ಅಂಶವೇ ಕಣ್ಣಲ್ಲಿ ಕಣ್ಣಿಡುವುದರ ಬಗ್ಗೆ. ಆ ಪಟ್ಟಿ ಮುಂದಿಟ್ಟುಕೊಂಡು, ನನ್ನ ಬಾಲ್ಯ ಕೇಳಿ, ಮನೆಯವರನ್ನು ಮಾತಾಡಿಸಿ, ಅಂಕ ಕಮ್ಮಿ ಬಂತು, ಕಾರ್ಡು ಇಲ್ಲ ಅಂದಿದ್ದರೆ ತಲೆಬಾಗಿ ಬರುತ್ತಿದ್ದೆ. ಬಿಪಿ ನೋಡಿ ಅಂದವರಿಗೆ ತೋಳಿಗೆ ಪಟ್ಟಿ ಕಟ್ಟದೆ, 'ಚೆನ್ನಾಗೇ ಕಾಣ್ತೀಯ, ಹೋಗು' ಅಂತ ಯಾರಾದರೂ ಕಳಿಸುತ್ತಾರಾ? ನಮ್ಮನ್ನು ಮಾತ್ರ ಯಾಕೆ ಹಾಗೆ ಕಳಿಸುತ್ತಾರೆ? ನನಗೆ ಸಾಕಾಗಿದೆ.

ನಿಮ್ಹಾನ್ಸ್‌ಗೆ ಹೋಗಿ ಅನ್ನುತ್ತಾರೆ. ಪಾವಗಡದ ಕೂಲಿಯವನು ದಿನದ ಕೂಲಿ ಬಿಟ್ಟು, ಅಷ್ಟು ಗದ್ದಲದಲ್ಲಿ ಬೆಂಗಳೂರಿಗೆ ಹೋಗಿ ಬರಲಾರ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಇದ್ದೇ ಇದೆ. ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ. ತಿಂಗಳಿನ ಒಂದು ಮಂಗಳವಾರ ದೊಡ್ಡವರಿಗೆ ಕೊಡಿಸಿ. ಕೂರುವ ಡಾಕ್ಟರಿಗೂ ಚೀಟಿ ಬರೆಯುವವರಿಗೂ ತರಬೇತಿ ಕೊಡಿಸಿ.

ಯಾವ ಮಂಗಳವಾರ, ಯಾವ ಆಸ್ಪತ್ರೆ ಎಂದು ಪ್ರಕಟಣೆ ಹೊರಡಿಸಿ. ಆಸ್ಪತ್ರೆ ಬಾಗಿಲಿಗೆ ಬೋರ್ಡು ಹಾಕಿಸಿ. ಅದರಲ್ಲಿ 'ದೊಡ್ಡವರಿಗೂ' ಎಂದು ಕನ್ನಡದಲ್ಲಿ, ದೂರಕ್ಕೆ ಕಾಣುವ ಹಾಗೆ ಬರೆಸಿ.

ಇಂತಿ ತಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ಮಂಡಿ ಗುಮಾಸ್ತೆ