ಹಟ್ಟಿಗೂ ಮನೆಗೂ ಒಂದೇ ದಿನ ಬನ್ನಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ದೇಶದಲ್ಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಬಹುದೆನ್ನುವ ಸಂವಿಧಾನದ 350ನೇ ವಿಧಿ ನಿಮಗೆ ಗೊತ್ತೇ ಇದೆ. ವಿಷಯ ಹುಳುಕಡ್ಡಿ. ದಯವಿಟ್ಟು ಬದಿಗಿಡಬೇಡಿ. ಇದರಿಂದ ಯಾರೂ ಸಾಯುವುದಿಲ್ಲವಲ್ಲ ಎಂದು ಹದಿನಾಲ್ಕು ತಿಂಗಳಿಂದ ಎಲ್ಲರೂ ಬದಿಗಿಟ್ಟಿದ್ದಾರೆ. ನಮ್ಮ ಮನೆಯ ಐವರಲ್ಲಿ ನಾಲ್ವರು ರಾತ್ರಿ ತುರಿಸಿಕೊಳ್ಳುತ್ತಾ ಎದ್ದು ಕೂರುತ್ತೇವೆ.

ಶುರುವಾದದ್ದು ದನದ ಹಟ್ಟಿಯಲ್ಲಿ. ಕಳೆದ ವರ್ಷ ಆಟಿ ತಿಂಗಳಲ್ಲಿ ನಮ್ಮ ಕರುವಿನ ಕಣ್ಣ ಸುತ್ತ ಕೂದಲು ಉದುರಿ, ಒಣಗಿದ ಹಿಟ್ಟು ಮೆತ್ತಿದ ಹಾಗೆ ಬೂದು ಬಣ್ಣದ ಹಕ್ಕಳೆ ಕಟ್ಟಿತು. ಬಿಡದ ಮಳೆ, ಹಟ್ಟಿಗೆ ಬಿಸಿಲೇ ಇಲ್ಲ. ತಾನಾಗಿ ಹೋಗುತ್ತದೆ ಅಂದುಕೊಂಡೆವು. ಏಳು ವರ್ಷದ ನನ್ನ ಮಗಳು ಶಾಲೆಯಿಂದ ಬಂದವಳೇ ಕರುವಿನ ಕುತ್ತಿಗೆ ತಬ್ಬಿ ಕೂರುವವಳು. ಹದಿನೈದು ದಿನದೊಳಗೆ ಅವಳ ಮುಂಗೈಯಲ್ಲಿ, ಕುತ್ತಿಗೆ ತಾಗುವ ಜಾಗದಲ್ಲೇ, ಕೆಂಪು ಉಂಗುರ ಎದ್ದಿತು. ನಡುವೆ ಚರ್ಮ ಸರಿಯಾಗಿಯೇ ಇತ್ತು, ಅಂಚಿನ ತುಂಬಾ ಸಣ್ಣ ಗುಳ್ಳೆಗಳು. ಆಮೇಲೆ ಅತ್ತೆಯ ಸೊಂಟ, ನನ್ನ ಕುತ್ತಿಗೆ, ಮನೆಯವರ ತೊಡೆ. ಮಳೆಗಾಲದಲ್ಲಿ ಮೈ ಒರೆಸುವ ಬೈರಾಸು ಒಣಗುವುದು ಬಚ್ಚಲ ಒಲೆಯ ಮೇಲೆ. ಇದ್ದ ಎರಡನ್ನೇ ಎಲ್ಲರೂ ಬಳಸಿದ್ದೇವೆ.

ನಮ್ಮೂರ ಆರೋಗ್ಯ ಕೇಂದ್ರಕ್ಕೂ ಮೃಗಾಸ್ಪತ್ರೆಗೂ ನಡುವೆ ಇರುವುದು ಒಂದೇ ಗೋಡೆ. ಆರೋಗ್ಯ ಕೇಂದ್ರದಲ್ಲಿ ಮಗಳ ಕೈ ತೋರಿಸಿ, ಕರುವಿಗೂ ಹೀಗೇ ಆಗಿದೆ ಎಂದು ಮೊಬೈಲಿನಲ್ಲಿದ್ದ ಫೋಟೋ ಮುಂದೆ ಹಿಡಿದೆ. "ದನದ ಫೋಟೋ ಇಲ್ಲಿಗ್ಯಾಕೆ ತಂದಿರಿ, ಆಚೆ ಹೋಗಿ" ಅಂದರು. ಆಚೆ ಹೋದೆ. ಕರುವಿಗೆ ಮುಲಾಮು ಬರೆದರು. ಮಗಳ ಕೈ ನೋಡಿ ಎಂದರೆ "ಅದು ನಮ್ಮದಲ್ಲ" ಎಂದು ಮುಖ ತಿರುಗಿಸಿದರು. ಮೂರು ಸಲ ಹೋದೆ ಸ್ವಾಮೀ, ಮೂರು ಸಲವೂ ಇದೇ ಮಾತು. ಕೈಯಲ್ಲಿ ಎರಡು ಚೀಟಿ ಹಿಡಿದು, ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಗೋಡೆಯ ಹತ್ತಿರ ಅತ್ತಿದ್ದೇನೆ. ಈ ಎರಡೂ ಗ್ರಾಮ ಪಂಚಾಯತಿಗೇ ಸೇರಿದ ಸಂಸ್ಥೆಗಳು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಹುಳುಕಡ್ಡಿ ಅಂದರೂ ಅದು ಹುಳವಲ್ಲ, ಶಿಲೀಂಧ್ರ. ದನಗಳಿಗೆ ಸಾಮಾನ್ಯವಾಗಿ ಬರುವುದು ಟ್ರೈಕೋಫೈಟಾನ್ ವೆರುಕೋಸಮ್, ಮನುಷ್ಯರಿಗೂ ದಾಟುತ್ತದೆ. ಉದುರಿದ ಹಕ್ಕಳೆಯಲ್ಲಿ, ಹಟ್ಟಿಯ ಮರದ ಸಂದಿನಲ್ಲಿ ಅದರ ಬೀಜಕಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಬಲ್ಲವು. ಇದನ್ನು ನಮಗೆ ಯಾರೂ ಹೇಳಲಿಲ್ಲ. ಕರು ವಾಸಿಯಾಯಿತೆಂದು ಸುಮ್ಮನಾದೆವು. ಈ ಮಳೆಗಾಲದಲ್ಲಿ ಹುಟ್ಟಿದ ಇನ್ನೊಂದು ಕರುವನ್ನು ಅದೇ ಗೂಟಕ್ಕೆ ಕಟ್ಟಿದೆವು. ಅದರ ಕಿವಿಯ ಬುಡದಲ್ಲಿ ಈಗ ಅದೇ ಬೂದು ಹಕ್ಕಳೆ.

ನಮಗೆ ಹಚ್ಚಲು ಕೊಟ್ಟ ಮದ್ದಿನ ಜೊತೆ ಒಂದು ಸೂಚನೆಯ ಹಾಳೆ ಕೊಟ್ಟಿದ್ದರು, ಮಲಯಾಳದಲ್ಲಿ. ಅತ್ತೆ ಓದುವುದು ಕನ್ನಡ ಮಾತ್ರ. ತುರಿಕೆ ನಿಂತ ದಿನವೇ ಅವರು ಹಚ್ಚುವುದನ್ನು ನಿಲ್ಲಿಸಿದರು. ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಬೇಕೆಂದು ಅದರಲ್ಲಿ ಬರೆದಿತ್ತು ಎಂದು ಪಕ್ಕದ ಮನೆಯ ಮೇಷ್ಟ್ರು ಓದಿ ಹೇಳುವಷ್ಟರಲ್ಲಿ ಉಂಗುರ ಹೊಟ್ಟೆಗೆ ಬಂದಿತ್ತು. ಕಾಯಿಲೆಗೆ ಭಾಷೆ ಇಲ್ಲ, ಆದರೆ ಮದ್ದಿಗೆ ಬೇಕು. ಗಡಿನಾಡಿನಲ್ಲಿ ಇದನ್ನು ಇನ್ನೂ ಎಷ್ಟು ವರ್ಷ ಬೇಡಿಕೊಳ್ಳಬೇಕು?

ಕೊನೆಗೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದೆವು. ಯಾರೂ ಚೀಟಿ ಕೇಳಲಿಲ್ಲ. ಮೂರೇ ದಿನದಲ್ಲಿ ತುರಿಕೆ ಮಾಯ, ದೇವರೇ ಕೊಟ್ಟ ಮದ್ದು ಅನ್ನಿಸಿತು. ಎರಡು ತಿಂಗಳಲ್ಲಿ ಮನೆಯವರ ತೊಡೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಗೀರು ಬಿತ್ತು, ಉಂಗುರದ ಆಕಾರವೇ ಅಳಿಸಿ ಕಾಯಿಲೆ ಸುತ್ತಲೂ ಹಬ್ಬಿತು. ಅದರಲ್ಲಿದ್ದದ್ದು ಕ್ಲೋಬೆಟಾಸಾಲ್ ಎಂಬ ಬಲವಾದ ಸ್ಟಿರಾಯ್ಡ್ ಎಂದು ಹೇಳಿದ್ದು ಮಂಗಳೂರಿನ ಚರ್ಮವೈದ್ಯರು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನಿಯಮ ನಿಮಗೆ ಗೊತ್ತಿದೆ. ಅಂಗಡಿಯವರಿಗೂ ಗೊತ್ತಿದೆ. ಗೊತ್ತಿಲ್ಲದೆ ಹಚ್ಚಿಕೊಂಡವರು ನಾವು.

ಮಗಳನ್ನು ಶಾಲೆಯಲ್ಲಿ ಮೂರು ವಾರ ಬೇರೆ ಬೆಂಚಿನಲ್ಲಿ ಕೂರಿಸಿದರು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು.

ಎಲ್ಲವೂ ಹಟ್ಟಿಯಿಂದಲೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಟರ್ಬಿನಾಫಿನ್ ಮಾತ್ರೆಗೂ ಹಲವು ಸಲ ಬಗ್ಗದ ಟ್ರೈಕೋಫೈಟಾನ್ ಇಂಡೊಟಿನಿಯೇ ಎಂಬ ಶಿಲೀಂಧ್ರಕ್ಕೆ 2020ರಲ್ಲಿ ಹೆಸರಿಟ್ಟರು. ಆ ಹೆಸರಿನಲ್ಲೇ ನಮ್ಮ ದೇಶವಿದೆ. ಅದು ಹರಡುವುದು ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೆ. ನಮ್ಮ ಮನೆಯಲ್ಲಿರುವುದು ಯಾವುದು? ಚರ್ಮದ ಸಿಪ್ಪೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ತೊಟ್ಟು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನೂ ಹದಿನಾಲ್ಕು ತಿಂಗಳಲ್ಲಿ ಊರಿನಲ್ಲಿ ಯಾರೂ ಮಾಡಲಿಲ್ಲ. ಶಿಲೀಂಧ್ರವನ್ನು ಬೆಳೆಸಿ ಅದು ಯಾವ ಜಾತಿಯದೆಂದು ಗುರುತಿಸುವ ಕಲ್ಚರ್ ಪರೀಕ್ಷೆಯ ಮಾತಂತೂ ದೂರ ಉಳಿಯಿತು.

ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಎನ್ನುವ ಏಕಾರೋಗ್ಯ ಯೋಜನೆಯನ್ನು ನಮ್ಮ ರಾಜ್ಯ ಮೊದಲು ಶುರು ಮಾಡಿದ್ದು ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ, ಇಡುಕ್ಕಿಯಲ್ಲಿ. ನಮ್ಮ ಜಿಲ್ಲೆ ಹುಟ್ಟಿ 1984ರಿಂದ ಇಷ್ಟು ವರ್ಷವಾದರೂ ಯಾವ ಪಟ್ಟಿಯಲ್ಲೂ ನಾವು ಕೊನೆ. ಇದು ಕೇಳಿ ಕೇಳಿ ಸುಸ್ತಾದವಳ ಮಾತು, ಒರಟಾದರೆ ಮನ್ನಿಸಿ.

ನಾನು ಕೇಳುತ್ತಿರುವುದು ಹೊಸ ಕಟ್ಟಡವಲ್ಲ. ಹಟ್ಟಿಗೂ ಮನೆಗೂ ಒಂದೇ ದಿನ ಬನ್ನಿ. ದನದ ವೈದ್ಯರೂ ಜನರ ವೈದ್ಯರೂ ಒಂದೇ ಜೀಪಿನಲ್ಲಿ ಬರಲಿ. ಕರುವಿನಿಂದಲೂ ನಮ್ಮಿಂದಲೂ ಸಿಪ್ಪೆ ಕೆರೆದು ಪರೀಕ್ಷೆಗೆ ಕಳುಹಿಸಲಿ. ಹಟ್ಟಿ ಯಾವುದರಿಂದ ತೊಳೆಯಬೇಕು, ಮದ್ದು ಎಷ್ಟು ದಿನ ಹಚ್ಚಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ. ಚೀಟಿ ಇಲ್ಲದೆ ಸ್ಟಿರಾಯ್ಡ್ ಟ್ಯೂಬು ಮಾರುವುದನ್ನು ನಿಲ್ಲಿಸಿ. ನಮ್ಮ ಮನೆಗೆ ಮಾತ್ರವಲ್ಲ. ನಮ್ಮ ಹಾಲಿನ ಸೊಸೈಟಿಗೆ ಬೆಳಿಗ್ಗೆ ಕ್ಯಾನು ಹಿಡಿದು ಬರುವವರ ಮೊಣಕೈಗಳನ್ನು ಒಮ್ಮೆ ನೋಡಿ. ಹಟ್ಟಿಗೂ ಮನೆಗೂ ಒಂದೇ ದಿನ ಬನ್ನಿ, ಇಷ್ಟೇ.

ಸಣ್ಣ ಕರುವನ್ನು ಈಗ ಬೇರೆ ಕಟ್ಟಿದ್ದೇವೆ, ಮಗಳನ್ನು ಹತ್ತಿರ ಬಿಡುತ್ತಿಲ್ಲ. ಅವಳು ಬೇಲಿಯ ಈಚೆ ನಿಂತು ಅದನ್ನು ಕರೆಯುತ್ತಾಳೆ. ನಿಮ್ಮವರು ಬರುವ ದಿನವನ್ನು ತಿಳಿಸಿ, ಕನ್ನಡದಲ್ಲಿ.

ಇಂತಿ,
ಮಂಜೇಶ್ವರ ತಾಲೂಕಿನ ಒಬ್ಬ ಹೈನುಗಾರ್ತಿ