‘ಸೂಕ್ತ ಕ್ರಮ’ ಎಂದರೆ ಯಾವ ಕ್ರಮ?

ಮಾನ್ಯರೇ,

‘ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ’ ಎಂದು ಮುಗಿಯುವ ಪತ್ರಗಳು ವಾಚಕರ ಅಂಕಣಕ್ಕೆ ಹೊಸತಲ್ಲ. ಉತ್ತರವೂ ಗೊತ್ತಿರುವುದೇ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಯಾವ ಕ್ರಮ, ಯಾರು ಕೈಗೊಳ್ಳುವವರು, ಯಾವಾಗ? ಆ ‘ಲಾಗುವುದು’ ಎಂಬುದರ ಹಿಂದೆ ಕರ್ತೃಪದ ನೆಮ್ಮದಿಯಾಗಿ ಅವಿತು ಕೂತಿರುತ್ತದೆ. ಚರ್ಚಾಕೂಟಗಳು ಸೊರಗುವುದೂ ಇಂಥ ಮಾತಿನಿಂದಲೇ. ವಿಷಯಕ್ಕೇನೂ ಬರವಿಲ್ಲ; ಎರಡು ಗಂಟೆ ಮಾತಾಡಿ ಎದ್ದಾಗ ಕೈಗೆ ಸಿಕ್ಕಿದ್ದು ಏನೂ ಇರುವುದಿಲ್ಲ. ಕೂಟ ಶುರುಮಾಡುವವರು ಮೊದಲ ಅರ್ಧ ಗಂಟೆಯನ್ನು ಖಚಿತವಾಗಿ ಮಾತಾಡುವ ಅಭ್ಯಾಸಕ್ಕೇ ಮೀಸಲಿಡುವುದು ಒಳ್ಳೆಯದು.

ಏರ್ಪಾಟು ದೊಡ್ಡದಲ್ಲ. 8ರಿಂದ 12 ಜನ ಸಾಕು. ಅದು ದಾಟಿದರೆ ಎರಡು ಗುಂಪು ಮಾಡಿ, ಇಲ್ಲವಾದರೆ ನಾಲ್ಕು ಮಂದಿ ಮಾತಾಡಿ ಉಳಿದವರು ಸಭಿಕರಾಗುತ್ತಾರೆ. 15 ದಿನಕ್ಕೊಮ್ಮೆ, ಅದೇ ವಾರ, ಅದೇ ಹೊತ್ತು. ನಡೆಸುವವರು ಒಬ್ಬರು, ಗಡಿಯಾರ ನೋಡುವವರು ಇನ್ನೊಬ್ಬರು. ಎರಡನ್ನೂ ಒಬ್ಬರಿಗೇ ವಹಿಸಿದರೆ ಮೊದಲು ಮರೆತುಹೋಗುವುದು ಗಡಿಯಾರ. ವಿಷಯವನ್ನು ಪ್ರಶ್ನೆಯಾಗಿ ಕೊಡಿ: ‘ಮಕ್ಕಳು ಮತ್ತು ಮೊಬೈಲ್’ ಬೇಡ, ‘ಹತ್ತು ವರ್ಷದ ಮಗುವಿಗೆ ಸ್ವಂತ ಮೊಬೈಲ್ ಕೊಡಬೇಕೇ?’ ಎಂದಿರಲಿ.

ಮೊದಲ ಅಭ್ಯಾಸಕ್ಕೆ ಹಾಳೆ, ಪೆನ್ಸಿಲ್ ಇದ್ದರಾಯಿತು. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಕೈಯಲ್ಲಿ ಚೌಕ, ವೃತ್ತ, ತ್ರಿಕೋನ ಹೀಗೆ ನಾಲ್ಕೈದು ಆಕೃತಿ ಜೋಡಿಸಿದ ಚಿತ್ರ; ಅವರು ಹೇಳಿದಂತೆ ಇನ್ನೊಬ್ಬರು ಬರೆಯಬೇಕು. ಮೊದಲ ಐದು ನಿಮಿಷ ಪ್ರಶ್ನೆ ಕೇಳುವಂತಿಲ್ಲ. ಎರಡನೇ ಸಲ ಬೇರೆ ಚಿತ್ರ, ಪ್ರಶ್ನೆಗೆ ಅವಕಾಶ. ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಎಡವಟ್ಟು ಎಲ್ಲಾಯಿತೆಂದು ತಾನೇ ಕಾಣುತ್ತದೆ. ‘ಚೌಕದ ಮೇಲೆ ವೃತ್ತ’ ಎಂದಿರಿ. ಚೌಕಕ್ಕಿಂತ ಎತ್ತರದಲ್ಲಿ, ಅಂತರ ಬಿಟ್ಟೋ? ಮೇಲ್ಗೆರೆಗೆ ತಾಗಿಕೊಂಡೋ? ಚೌಕವನ್ನು ಮುಚ್ಚುವಂತೆಯೋ? ನಮ್ಮ ‘ಮೇಲೆ’ ಮೂರಕ್ಕೂ ಆಗುತ್ತದೆ. ಹೇಳಿದವರ ಕಣ್ಣೆದುರು ಚಿತ್ರವಿರುವುದರಿಂದ ಅವರಿಗೆ ಒಂದೇ ಅರ್ಥ ಹೊಳೆಯುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ನಡೆಸಿದ ಪ್ರಯೋಗದಲ್ಲಿ ಕೆಲವರು ಹೆಸರಾಂತ ಹಾಡುಗಳ ಲಯವನ್ನು ಮೇಜಿನ ಮೇಲೆ ಕುಟ್ಟಿದರು. 120 ಸಲ ಕುಟ್ಟಿದ್ದರಲ್ಲಿ ಕೇಳುಗರು ಗುರುತಿಸಿದ್ದು ಬರೀ 3. ಅರ್ಧದಷ್ಟು ಗುರುತಿಸುತ್ತಾರೆಂದು ಕುಟ್ಟಿದವರ ಅಂದಾಜಿತ್ತು. ಅವರ ತಲೆಯೊಳಗೆ ಹಾಡು ಮೊಳಗುತ್ತಿತ್ತು. ಎದುರಿನವರಿಗೆ ಕೇಳಿದ್ದು ಟಕಟಕ ಸದ್ದು.

ಎರಡನೆಯದು ಪದಕ್ಕೆ ನಿಷೇಧ. ಚರ್ಚೆಯ ಮುಖ್ಯ ಪದವನ್ನೇ ಹತ್ತು ನಿಮಿಷ ಯಾರೂ ಬಳಸಬಾರದು. ‘ಶಿಸ್ತು’ ಬೇಡ ಎಂದ ಕೂಡಲೇ ‘ಅಚ್ಚುಕಟ್ಟು’, ‘ಸಂಯಮ’ ಹಿಂಬಾಗಿಲಿಂದ ಬರುತ್ತವೆ, ಹಾಗಾಗಿ ಅವನ್ನೂ ಮೊದಲೇ ಬೋರ್ಡಿನ ಮೇಲೆ ಬರೆದು ಹೊಡೆದುಹಾಕಿ. ಆಗ ‘ಅವರಿಗೆ ಶಿಸ್ತಿಲ್ಲ’ ಎಂದವರು ‘ನಾಲ್ಕು ಸಭೆಗಳಲ್ಲಿ ಮೂರಕ್ಕೆ 20 ನಿಮಿಷ ತಡವಾಗಿ ಬಂದರು, ಮುಂಚೆ ತಿಳಿಸಲಿಲ್ಲ’ ಎನ್ನಬೇಕಾಗುತ್ತದೆ. ಇದನ್ನು ಒಪ್ಪಬಹುದು, ಅಲ್ಲಗಳೆಯಲೂಬಹುದು. ಯಾರಾದರೂ ನಿಘಂಟಿನ ಅರ್ಥಕ್ಕೆ ಹೊರಳಿದರೆ ತಡೆಯಿರಿ, ಅದು ಪದದ ಮೇಲೆ ಪದ ಪೇರಿಸುವ ಕೆಲಸ. ‘ಒಬ್ಬ ಮನುಷ್ಯ ಇದ್ದಾನೆ ಅಂತಿಟ್ಟುಕೊಳ್ಳಿ’ ಎಂಬುದೂ ಉದಾಹರಣೆಯಲ್ಲ, ನಡೆದದ್ದೇ ಬೇಕು. ಆದರೆ ಕೂಟದಲ್ಲಿ ಇಲ್ಲದವರ ಹೆಸರೆತ್ತುವುದು ಬೇಡ, ಚರ್ಚೆ ಚಾಡಿಯಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಮೂರನೆಯದು ಚಿಕ್ಕದು. ‘ಬಹುಶಃ’, ‘ಆಗಬಹುದು’, ‘ಸಾಮಾನ್ಯವಾಗಿ’ ಎಂದರೆ ನೂರಕ್ಕೆ ಎಷ್ಟು ಎಂದು ಪ್ರತಿಯೊಬ್ಬರೂ ಪಕ್ಕದವರದು ನೋಡದೆ ಚೀಟಿಯಲ್ಲಿ ಬರೆಯಲಿ. ಯುಗೊಸ್ಲಾವಿಯದ ಮೇಲೆ ದಾಳಿಯ ‘ಗಂಭೀರ ಸಾಧ್ಯತೆ’ ಇದೆ ಎಂದು 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಹೇಳಿತ್ತು. ಹಾಗೆಂದರೆ ಎಷ್ಟು ಎಂದು ಅಧಿಕಾರಿ ಶೆರ್ಮನ್ ಕೆಂಟ್ ಆಮೇಲೆ ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರೆ, ಉತ್ತರ ನೂರಕ್ಕೆ 20ರಿಂದ 80ರವರೆಗೆ ಹರಡಿತ್ತು. ಆ ಮಾತಿಗೆ ಒಪ್ಪಿಗೆ ಕೊಟ್ಟಿದ್ದವರೂ ಅವರೇ!

ಈ ಅಭ್ಯಾಸಗಳೆಲ್ಲ ಕೆಡುವುದು ಒಂದೇ ಕಡೆ: ಯಾರೋ ಇದನ್ನು ದೊಣ್ಣೆ ಮಾಡಿಕೊಂಡಾಗ. ‘ಸ್ಪಷ್ಟವಾಗಿ ಹೇಳ್ರೀ’ ಎಂದು ಗದರುವುದೇ ಅಸ್ಪಷ್ಟ, ಏನು ಹೇಳಬೇಕೆಂದು ಅದರಿಂದ ತಿಳಿಯುವುದಿಲ್ಲ. ‘ಯಾಕೆ?’ ಎಂದರೂ ಸಿದ್ಧಾಂತ ಶುರುವಾಗುತ್ತದೆ. ‘ಕೊನೆಯ ಸಲ ಹಾಗಾದದ್ದು ಯಾವಾಗ?’ ಎಂದು ಕೇಳಿದರೆ ಮಾತು ನೆಲಕ್ಕಿಳಿಯುತ್ತದೆ. ಒಬ್ಬರಿಗೆ ಸತತ ಮೂರು ಪ್ರಶ್ನೆ ಮೀರಬಾರದು, ನಾಲ್ಕನೆಯದು ಪಾಟೀಸವಾಲು.

ಕೊನೆಯ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಯಾರು, ಏನು, ಯಾವ ದಿನದೊಳಗೆ ಎಂಬುದಿರುವ ಒಂದು ವಾಕ್ಯ ಬರೆದು ಕೊಡಲಿ. ‘ಲಾಗುವುದು’ ಎಂದು ಮುಗಿದ ಚೀಟಿಯನ್ನು ಅಲ್ಲೇ ವಾಪಸು ಕೊಟ್ಟು ತಿದ್ದಿಸಿ. ಮುಂದಿನ ಕೂಟದ ಮೊದಲ ಕೆಲಸ ಆ ಚೀಟಿಗಳನ್ನು ಗಟ್ಟಿಯಾಗಿ ಓದುವುದು.

– ಚರ್ಚಾಕೂಟವೊಂದರ ಸಂಚಾಲಕರು